ಪಾಲಿಗೆ ಬಂದ ಸೆಂಟರ್ ಫಾರ್ವರ್ಡ್

ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಪದ್ಧತಿಯಿದೆ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಹೊಲ, ಬಾವಿ, ಎತ್ತು, ಹಿತ್ತಾಳೆಯ ಹಂಡೆ, ಎಲ್ಲಕ್ಕೂ ಇದೇ ನಿಯಮ. ಈ ನಿಯಮದಲ್ಲಿ ಅಕ್ಕತಂಗಿಯರಿಗೆ ಜಾಗವೇ ಇಲ್ಲವೆಂಬ ತಪ್ಪನ್ನು ಮೊದಲಿಗೇ ದಾಖಲಿಸಿ ಮುಂದುವರಿಯುತ್ತೇನೆ. ಜಾಗವಿಲ್ಲದ ಆ ನಿಯಮಕ್ಕೇ ಒಳಪಟ್ಟು ನನ್ನ ತಂಗಿ ಒಮ್ಮೆ ಒಂದು ಜಿಲ್ಲೆಯ ಪಾಲಿಗೆ ಬಂದಳು. ಹಂಡೆ ಬಂದ ಹಾಗೆ.

ಅದು ತೊಂಬತ್ತರ ದಶಕದ ಕೊನೆಯ ಭಾಗ. ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ಜಿಲ್ಲೆ ಒಡೆದ ಮೇಲೆ ಜಿಲ್ಲೆಯ ಹೆಸರು ಹೊತ್ತ ಸಂಘಗಳೂ ಒಡೆಯಬೇಕಲ್ಲ. ಆಟದ ಮೇಲಿನ ಪ್ರೀತಿಯಿಂದ ಕೆಲವು ಹಿರಿಯರು ತಾವೇ ಕಟ್ಟಿಕೊಂಡಿದ್ದ ಹುಡುಗಿಯರ ಹಾಕಿ ಸಮಿತಿಯೊಂದಿತ್ತು. ಹುಡುಗಿಯರ ಸಮಿತಿಯಾದರೂ ಅದರಲ್ಲಿ ಒಬ್ಬ ಹೆಣ್ಣೂ ಸದಸ್ಯೆಯಾಗಿರಲಿಲ್ಲ. ಇದನ್ನು ನಾನು ಅವರಿಗೆ ಬರೆದು ತಿಳಿಸಿದ್ದೆ. ಹೆಣ್ಣುಮಕ್ಕಳು ಆಡುತ್ತಿದ್ದಾರೆ, ಸಮಿತಿಯಲ್ಲಿಯೂ ಅವರೇ ಕೂತರೆ ಆಡುವವರು ಯಾರು ಎಂದು ಅವರು ಉತ್ತರಿಸಿದ್ದರು.

ಆ ಸಮಿತಿಯೂ ಎರಡಾಯಿತು. ಎರಡು ಕಡೆಯ ಹಿರಿಯರು ಗುಂಡ್ಲುಪೇಟೆಯ ಒಂದು ಛತ್ರದಲ್ಲಿ ಸೇರಿದರು. ಕಬ್ಬಿಣದ ಬೀರು, ಸ್ಟಿಕ್ಕುಗಳು, ಗೆರೆ ಎಳೆಯುವ ಸುಣ್ಣದ ಗಾಡಿ, ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡುಗಳು, ಎಲ್ಲವೂ ಸುಲಭವಾಗಿ ಪಾಲಾದವು. ತೊಡಕಾದದ್ದು ಆಟಗಾರ್ತಿಯರದು. ಕೆಲವರ ಮನೆ ಇತ್ತ, ಹಾಸ್ಟೆಲು ಅತ್ತ. ಕೆಲವರ ಅಪ್ಪನ ಊರು ಅತ್ತ, ಬೆಳೆದ ಸೋದರಮಾವನ ಊರು ಇತ್ತ. ಯಾರು ಯಾವ ಜಿಲ್ಲೆಗೆ ಸೇರಿದವರೆಂದು ಮಧ್ಯಾಹ್ನದ ಊಟದವರೆಗೂ ಇತ್ಯರ್ಥವಾಗಲಿಲ್ಲ. ಊಟವಾದ ಮೇಲೆ ಯಾರೋ ಹಿರಿಯರು ಎಲೆ ಅಡಿಕೆ ಮೆಲ್ಲುತ್ತ, ನಮ್ಮ ಹಳೇ ಪದ್ಧತಿಯೇ ಇದೆಯಲ್ಲ ಎಂದರು. ಹಳೆಯ ಜಿಲ್ಲೆ ಅಣ್ಣ, ಹೊಸ ಜಿಲ್ಲೆ ತಮ್ಮ. ಊರು ಯಾವುದೇ ಇರಲಿ, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸುವುದು, ತಮ್ಮ ಮೊದಲು ಆರಿಸುವುದು, ಆಮೇಲೆ ಅಣ್ಣ, ಮತ್ತೆ ತಮ್ಮ. ಸಭೆ ಚಪ್ಪಾಳೆ ತಟ್ಟಿತು.

ನಾನು ಎದ್ದು ನಿಂತೆ. ಪರೀಕ್ಷೆ, ಅಂಕ, ಬೆತ್ತ ಈ ಮೂರೂ ಇಲ್ಲದ ಒಂದು ಪ್ರಯೋಗಶೀಲ ಶಾಲೆಯಲ್ಲಿ ಓದಿದವಳು ನಾನು. ತಪ್ಪು ಕಂಡಲ್ಲಿ ಎದ್ದು ನಿಲ್ಲಬೇಕೆಂದು ಅಲ್ಲಿ ಕಲಿಸಿದ್ದರು. ನಿಂತವರನ್ನು ಕೂರಿಸಲು ಜನ ಏನೇನು ಉಪಾಯ ಮಾಡುತ್ತಾರೆಂಬುದನ್ನು ಗುಂಡ್ಲುಪೇಟೆ ತಾಲ್ಲೂಕು ಆಮೇಲೆ ಕಲಿಸಿತು.

"ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆರಿಸುವುದು ಸಂತೆಯಲ್ಲಿ ಕುರಿ ಆರಿಸಿದಂತಾಗುತ್ತದೆ. ಅವರ ಇಚ್ಛೆಯನ್ನು ಯಾರು ಕೇಳಿದ್ದೀರಿ?" ಎಂದೆ.

ಹೊಸ ಸಮಿತಿಯ ಅಧ್ಯಕ್ಷರು ಚಾಮರಾಜನಗರದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದವರು, ದಪ್ಪ ಮೀಸೆಯ, ಮೃದು ಮಾತಿನ ಮನುಷ್ಯ, ನಮ್ಮ ತಂದೆಗೆ ಹಳೆಯ ಪರಿಚಯ. "ಕೂತ್ಕವ್ವ," ಎಂದರು. "ಕುರಿಯಾಗಿದ್ರೆ ಹಲ್ಲು ನೋಡ್ತಿದ್ದೊ. ಇಲ್ಲಿ ಅದನ್ನೂ ನೋಡ್ತಾ ಇಲ್ಲ ಕಣವ್ವ. ಮರ್ಯಾದೆಯಾಗಿ ಆರಿಸ್ಕತಾ ಇವ್ನಿ."

ಹಾಗೆ ಮರ್ಯಾದೆಯಾಗಿ ಅವರು ಮೊಟ್ಟಮೊದಲು ಆರಿಸಿದ್ದು ನನ್ನ ತಂಗಿಯನ್ನು. ಆಗ ಅವಳು ಕಾಲೇಜಿಗೆ ಹೊಸದಾಗಿ ಸೇರಿದ್ದಳು; ಸೆಂಟರ್ ಫಾರ್ವರ್ಡ್, ಅಂದರೆ ಮುಂದೆ ನುಗ್ಗಿ ಗೋಲು ಹೊಡೆಯುವವಳು. ಅಧ್ಯಕ್ಷರು ಅವಳ ಕೈಯನ್ನು ಮೇಲೆತ್ತಿ ಹಿಡಿದರು. ಸಾಲು ಕರಗುತ್ತ ಬಂತು. ಬೆಸಸಂಖ್ಯೆಯಾದ್ದರಿಂದ ಕೊನೆಗೊಬ್ಬಳು ಉಳಿದಳು. ನಮ್ಮ ಭೀಮನಬೀಡಿನವಳೇ, ಊರಾಚೆಯ ಕೇರಿಯ ಹುಡುಗಿ, ಗೋಲ್‌ಕೀಪರ್, ಇಬ್ಬರಷ್ಟು ಎತ್ತರ. ಅವಳ ತಾಯಿ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದರು. ಅವಳನ್ನು ಯಾರೂ ಏಕೆ ಕರೆಯಲಿಲ್ಲವೆಂಬುದು ಛತ್ರದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಜಾತಿ ಎಂದು ನಾನು ಬಾಯಿ ಬಿಟ್ಟೆ. ಒಡನೆಯೇ ಎಲ್ಲರಿಗೂ ಕಾಫಿ ಬಂತು.

ಹಳೆಯ ಜಿಲ್ಲೆಯ ಕಾರ್ಯದರ್ಶಿ ಕಂಕುಳಲ್ಲಿ ಕೊಡೆ ಇಟ್ಟುಕೊಂಡೇ ಇರುತ್ತಿದ್ದ ಸಣಕಲು ಆಸಾಮಿ. "ಇವಳನ್ನೂ ನೀವೇ ಇಟ್ಕೊಂಡುಬಿಡಿ, ಪ್ಯಾಡಿನ ಜೊತೆಗೆ," ಎಂದರು. ಅಳತೆ ಮುಗಿದ ಮೇಲೆ ಅಂಗಡಿಯವನು ಒಂದು ಹಿಡಿ ಕೊಸರು ಹಾಕುವ ಧಾಟಿಯಲ್ಲಿ.

ಬಸ್ಸಿನಲ್ಲಿ ಹಿಂದಿರುಗುವಾಗ ಆ ಹುಡುಗಿ ನನ್ನ ತಂಗಿಯ ಭುಜಕ್ಕೆ ಗುದ್ದಿದಳು. "ನೀ ಮೊದಲ್ನೆ ಪಾಲು ಕಣಮ್ಮಿ. ನಾ ಕೊಸರು. ಕೊಸರು ಕೇಳ್ದೆ ಯಾವಳೂ ಅಂಗಡಿ ಬಿಟ್ಟು ಓಗಲ್ಲ, ತಿಳ್ಕ." ಅಂದಿನಿಂದ ಆ ಹೆಸರೇ ಅವಳಿಗೆ ನಿಂತಿತು.

ತಂಗಿಗೆ ಬೇಕಾದದ್ದು ಒಂದೇ. ಮುಂದಿನ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ರಾಜ್ಯದ ಕಿರಿಯ ಹುಡುಗಿಯರ ತರಬೇತಿ ಶಿಬಿರ. ಅದಕ್ಕೆ ಅವಳು ಆಯ್ಕೆಯಾಗಬೇಕು. ಆ ಬೇಸಗೆ ದಾಟಿದರೆ ವಯಸ್ಸು ಮೀರುತ್ತಿತ್ತು. ಮತ್ತೊಂದು ಅವಕಾಶ ಇರಲಿಲ್ಲ. ಅದಕ್ಕೆ ಮೊದಲು ಎರಡು ಜಿಲ್ಲೆಗಳ ನಡುವೆ ಪಂದ್ಯಗಳಿದ್ದವು, ನೋಡಲು ಶಿಬಿರದ ಆಯ್ಕೆಗಾರರು ಬರುವವರಿದ್ದರು. ಮೊದಲ ಪಾಲಿಗೆ ಬಂದವಳಿಗೆ ಇದೇನು ದೊಡ್ಡ ಮಾತು ಎಂದು ಮನೆಯಲ್ಲಿ ಎಲ್ಲರೂ ತಿಳಿದೆವು.

ಮೊದಲ ಸನ್ಮಾನ ಆ ವಾರವೇ ಚಾಮರಾಜನಗರದಲ್ಲಿ ನಡೆಯಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಗಂಡಸರ ತಲೆಯ ಅಳತೆಗೆ ಕಟ್ಟಿದ ಪೇಟ ಅವಳ ಜಡೆಯ ಮೇಲೆ ನಿಲ್ಲದೆ ಹುಬ್ಬಿನವರೆಗೂ ಇಳಿಯಿತು. ಸನ್ಮಾನಕ್ಕೆ ಅರ್ಹಳಾದ ಹೆಣ್ಣೊಬ್ಬಳು ಈ ನಾಡಿನಲ್ಲಿ ಇರಬಹುದೆಂದು ಪೇಟ ಕಟ್ಟುವವರೂ ಊಹಿಸಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆಮೇಲೆ ಗುಂಡ್ಲುಪೇಟೆಯ ವರ್ತಕರು ಕರೆದರು. ಅವರು ಕರೆದರೆಂದು ಲಾರಿ ಮಾಲೀಕರು, ಅವರು ಕರೆದರೆಂದು ತೆರಕಣಾಂಬಿಯ ಯುವಕರು. ಹೊಸದಾಗಿ ತೆರೆದ ಎಸ್‌ಟಿಡಿ ಬೂತಿನ ಟೇಪು ಕತ್ತರಿಸಿದವಳು ನನ್ನ ತಂಗಿ. ಒಂದು ಕೊಳವೆಬಾವಿಯ ಮೋಟಾರಿನ ಗುಂಡಿ ಒತ್ತಿದವಳೂ ಅವಳೇ. ಅಪರಿಚಿತರ ಮದುವೆಯೊಂದರಲ್ಲಿ ವಧೂವರರ ಪಕ್ಕದ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಫೋಟೊ ತೆಗೆಸಿದರು. ಅಷ್ಟು ಹೊತ್ತಿಗೆ ಹೊಸ ಜಿಲ್ಲೆಯ ಪರವಾಗಿ ಅವಳು ಒಂದು ಚೆಂಡನ್ನೂ ಹೊಡೆದಿರಲಿಲ್ಲ.

ಪ್ರತಿ ಸಭೆಯಲ್ಲಿಯೂ "ಎರಡು ಮಾತು" ಆಡಬೇಕಿತ್ತು. ಆ ಮಾತುಗಳನ್ನು ಬರೆದುಕೊಡುತ್ತಿದ್ದವಳು ನಾನು. ಸಿಕ್ಕ ವೇದಿಕೆಯನ್ನು ವ್ಯರ್ಥ ಮಾಡಬಾರದೆಂಬುದು ನನ್ನ ನಿಲುವು. ಹೆಣ್ಣುಮಕ್ಕಳಿಗೆ ಆಟದ ಮೈದಾನವಿಲ್ಲದಿರುವುದು, ಬಸ್ ನಿಲ್ದಾಣದಲ್ಲಿ ಶೌಚಾಲಯವಿಲ್ಲದಿರುವುದು, ಸಮಾನ ಕೂಲಿ, ಮೂಢನಂಬಿಕೆ, ಎಲ್ಲವನ್ನೂ ಎರಡು ಮಾತಿನೊಳಗೆ ಅಡಕಿಸಿದ್ದೆ. ತಂಗಿ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಭಾಷಣ ಚೆನ್ನಾಗಿದೆಯೆಂದು ಸುದ್ದಿಯಾಗಿ ಇನ್ನಷ್ಟು ಕಡೆಯಿಂದ ಕರೆ ಬರುತ್ತಿತ್ತು. ಶೌಚಾಲಯ ಮಾತ್ರ ಬರಲಿಲ್ಲ.

ಇನ್ನು ಅಭ್ಯಾಸದ ವಿಚಾರ. ತಂಡಕ್ಕೆ ಆಟ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಒಬ್ಬರು. ಎಲ್ಲರೂ ಅವರನ್ನು ಮಿಲ್ಟ್ರಿ ಮೇಷ್ಟ್ರು ಎನ್ನುತ್ತಿದ್ದೆವು. ಅವರು ಸೀಟಿ ಊದಿ ಹುಡುಗಿಯರನ್ನು ಎರಡು ಗುಂಪು ಮಾಡುವಷ್ಟರಲ್ಲಿ ಅಧ್ಯಕ್ಷರ ಜೀಪು ಮೈದಾನದ ಅಂಚಿಗೆ ಬರುತ್ತಿತ್ತು.

"ಅವಳ್ನ ಇಳಿಸ್ಬ್ಯಾಡಿ ಮೇಷ್ಟ್ರೆ. ದೂಳು ಕುಡೀತಾಳೆ. ಕಾಲು ಗೀಲು ಉಳುಕುದ್ರೆ ನಾನು ಜಿಲ್ಲೆಗೆ ಏನು ಜವಾಬು ಏಳ್ಲಿ?"

"ಆಡ್ದೆ ಇದ್ರೆ ಆಟ ಎಂಗೆ ಬತ್ತದ ಸ್ವಾಮಿ?"

"ಬಂದಿರೋದ್ಕೇ ಅಲ್ವಾ ಮೊದ್ಲು ಆರ್ಸಿದ್ದು? ಬರ್ದಿರೋರ್ಗೆ ಕಲ್ಸಿ ನೀವು."

ಹೊಂಗೆ ಮರದಡಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ತಂಗಿ ಅದರಲ್ಲಿ ಕೂತು ಆಟ ನೋಡಬೇಕು. ಅಧ್ಯಕ್ಷರು ನೆಂಟರಿಷ್ಟರನ್ನು, ಗಿರಣಿಗೆ ಬಂದ ವ್ಯಾಪಾರಿಗಳನ್ನು ಕರೆತಂದು ತೋರಿಸುತ್ತಿದ್ದರು: "ಇದೇ ಕಣಯ್ಯ ನಮ್ಮ ಮೊದಲ್ನೆ ಪಾಲು." ಬಂದವರು ಸುತ್ತ ನಿಂತು ನೋಡುತ್ತಿದ್ದರು. ಮುಟ್ಟಿ ನೋಡುವುದೊಂದು ಬಾಕಿ. ಇತ್ತ ಯಾರ ಲಕ್ಷ್ಯಕ್ಕೂ ಬಾರದ ಕೊಸರು ಗೋಲಿನ ಮುಂದೆ ದಿನವಿಡೀ ಹಾರಿ, ಬಿದ್ದು, ಎದ್ದು, ಮೈಯೆಲ್ಲ ದೂಳಾಗಿ, ನಮ್ಮ ಕಣ್ಣೆದುರಿಗೇ ಬೇರೊಬ್ಬ ಆಟಗಾರ್ತಿಯಾಗುತ್ತಿದ್ದಳು. ಅವಳ ಕಾಲು ಉಳುಕಿದರೆ ಜಿಲ್ಲೆಗೆ ಜವಾಬು ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಅನ್ಯಾಯ ಕೂಡ ಕೆಲವು ಸಲ ಹೀಗೆ ದಾರಿ ತಪ್ಪಿ ಉಪಕಾರ ಮಾಡಿಬಿಡುತ್ತದೆ. ಅದಕ್ಕಾಗಿ ಅನ್ಯಾಯವನ್ನು ಅಭಿನಂದಿಸಬೇಕಾಗಿಲ್ಲ.

ನಾನು ಮನವಿ ಸಲ್ಲಿಸಿದೆ, ಎರಡನೆಯ ಮನವಿ ಸಲ್ಲಿಸಿದೆ, ಕೊನೆಗೆ ಮೈದಾನದ ಬಾಗಿಲಲ್ಲಿ ಧರಣಿ ಕೂತೆ. "ಆಟಗಾರ್ತಿ ಆಸ್ತಿಯಲ್ಲ" ಎಂದು ರಟ್ಟಿನ ಮೇಲೆ ಬರೆದಿದ್ದೆ. ನಮ್ಮ ಮಹಿಳಾ ವೇದಿಕೆಯ ಸದಸ್ಯೆಯರಲ್ಲಿ ಬಂದವಳು ಒಬ್ಬಳು. ಬುತ್ತಿ ತಂದಿದ್ದ ಅವ್ವ ಬಿಸಿಲು ತಗ್ಗಲೆಂದು ಪಕ್ಕದಲ್ಲಿ ಕೂತದ್ದರಿಂದ ಮೂವರಾದೆವು. ಅಧ್ಯಕ್ಷರು ಜೀಪಿನಿಂದಿಳಿದು ರಟ್ಟನ್ನು ಗಟ್ಟಿಯಾಗಿ ಓದಿಸಿ ಕೇಳಿ, ಒಳ್ಳೆಯ ಮಾತು ಎಂದರು. ಮೂರು ಕುರ್ಚಿ ತರಿಸಿದರು, ಚಹಾ ತರಿಸಿದರು. ಹೊರಡುವ ಮುನ್ನ, ಹೆಣ್ಣುಮಕ್ಕಳು ಹೀಗೆ ಮುಂದೆ ಬರಬೇಕೆಂದು ಹೇಳಿ, ಜೀಪಿನಲ್ಲಿದ್ದ ಶಾಲೊಂದನ್ನು ನನಗೇ ಹೊದಿಸಿದರು. ಸನ್ಮಾನ ಮಾಡಿಸಿಕೊಂಡು ಮನೆಗೆ ಮರಳಿದ ಧರಣಿ ನನಗೆ ತಿಳಿದಂತೆ ಅದೊಂದೇ.

"ಬುಡವ್ವ, ಶಾಲು ಚೆಂದಾಗದ," ಎಂದರು ಅವ್ವ ಬಸ್ಸಿನಲ್ಲಿ.

ಅಷ್ಟರಲ್ಲಿ ಮನೆಯ ಅಟ್ಟದ ಮೇಲೆ ಶಾಲುಗಳು ಮೆದೆಯಾಗಿದ್ದವು. ಹೊದೆಯಲು ಬಾರದ, ಒಗೆದರೆ ಬಣ್ಣ ಬಿಡುವ, ಜರಿಯಂಚಿನ ಶಾಲುಗಳು. ಅವುಗಳಿಗೆ ಉಪಯೋಗ ಕಂಡುಹಿಡಿದವಳು ಕೊಸರು. ಮೈದಾನದಲ್ಲಿ ಆಡಲು ಬಿಡದಿದ್ದ ಮೇಲೆ ಇಬ್ಬರೂ ಸಂಜೆ ನಮ್ಮ ಕಣದಲ್ಲಿ ಆಡತೊಡಗಿದ್ದರು. ಕಣ ಎಂದರೆ ಸುಗ್ಗಿಗಾಗಿ ಗುಡಿಸಿ, ಸಗಣಿ ಸಾರಿಸಿ, ಅಂಗೈಯಂತೆ ನುಣುಪು ಮಾಡಿದ ನೆಲ; ಚೆಂಡು ಅಲ್ಲಿ ನೀರಿನಂತೆ ಹರಿಯುತ್ತದೆ. ಆದರೆ ಸುತ್ತ ಬೇಯಿಸಿದ ಅರಿಶಿನ ಒಣಗಲು ಹರಡಿತ್ತು. ಚೆಂಡು ಅರಿಶಿನದೊಳಗೆ ನುಗ್ಗಿದಾಗಲೆಲ್ಲ ಅವ್ವನ ದನಿ ಏರುತ್ತಿತ್ತು.

"ಅರಿಶ್ನಕ್ಕೆ ಕಾಲು ತಗುಲುದ್ರೆ ಸ್ಟಿಕ್ಕು ಒಲೆಗಾಕ್ತೀನಿ ನೋಡು. ನೀನು ಜಿಲ್ಲೆಗೆ ಮೊದಲ್ನೆ ಪಾಲೋ, ಕೊನೆ ಪಾಲೋ, ನಂಗೊತ್ತಿಲ್ಲ."

ಕೊಸರು ಎರಡು ಬಿದಿರು ಗಳ ನೆಟ್ಟು, ನಡುವೆ ಶಾಲುಗಳನ್ನು ಹೊಲಿದು ಕಟ್ಟಿದಳು. ಚೆಂಡು ಹೋಗಿ ಜರಿಗೆ ಬಡಿದು ಬಿದ್ದುಬಿಡುತ್ತಿತ್ತು. ವರ್ತಕರ ಶಾಲು ಮೇಲುಗಡೆ, ಲಾರಿ ಮಾಲೀಕರದು ಗಟ್ಟಿಯಾದ್ದರಿಂದ ಕೆಳಗಡೆ, ಧರಣಿಯದು ಎಡಗಡೆ. ಹೀಗಾಗಿ ತಂಗಿಗೆ ಆಡಲು ಉಳಿದದ್ದು ಅರಿಶಿನದ ನಡುವಣ ಒಂದು ದುಂಡನೆಯ ಜಾಗ. ಅಷ್ಟರೊಳಗೇ ಓಡಿ, ಅಷ್ಟರೊಳಗೇ ತಿರುಗಿ, ಅಷ್ಟರೊಳಗೇ ಹೊಡೆಯುವುದನ್ನು ಅವಳು ಕಲಿತಳು.

ಇಲ್ಲಿ ನಮ್ಮ ಮನೆಯ ತಪ್ಪನ್ನೂ ಹೇಳಬೇಕು. ಕೊಸರಿನ ತಾಯಿ ಆ ಕಣದಲ್ಲಿ ದುಡಿಯಬಹುದಿತ್ತು, ಮಗಳು ಅಲ್ಲಿ ಆಡಬಹುದಿತ್ತು, ಆದರೆ ಕಾಫಿ ಬರುವುದು ಬೇರೆ ಲೋಟದಲ್ಲಿ, ಜಗುಲಿಯ ಕೆಳಗೆ. ವಾದದಿಂದ ಅವ್ವ ಬಗ್ಗುವವರಲ್ಲ. ನಾನು ದಿನವೂ ಆ ಲೋಟದಲ್ಲಿಯೇ ಕುಡಿಯತೊಡಗಿದೆ. ಕುಡಿದು ಅಡುಗೆಮನೆಯ ಲೋಟಗಳ ನಡುವೆ ಇಟ್ಟುಬಿಡುತ್ತಿದ್ದೆ. ಒಂದು ದಿನ ಅಪ್ಪ ಅದರಲ್ಲಿಯೇ ಮಜ್ಜಿಗೆ ಕುಡಿದರು. ಯಾವುದು ಯಾವ ಲೋಟವೆಂದು ಅವ್ವ ಕೆಲವು ದಿನ ಬೆಳಕಿಗೆ ಹಿಡಿದು ಹಿಡಿದು ನೋಡಿದರು. ಆಮೇಲೆ ಬೇಸತ್ತು ಬಿಟ್ಟುಬಿಟ್ಟರು. ಲೋಟದ ಜೊತೆಗೆ ಜಗುಲಿಯ ನಿಯಮವೂ ಸಡಿಲಿತು. ನನ್ನ ಸಾರ್ವಜನಿಕ ಜೀವನದಲ್ಲಿ ಪೂರ್ಣವಾಗಿ ಗೆದ್ದ ಚಳವಳಿ ಅದೇ ಇರಬೇಕು.

ಮೊದಲ ಪಂದ್ಯದ ಹಿಂದಿನ ಸಂಜೆ ಚಾಮರಾಜನಗರದಲ್ಲಿ ಎಲ್ಲಕ್ಕಿಂತ ದೊಡ್ಡ ಸನ್ಮಾನ. ಹಳೆಯ ಜಿಲ್ಲೆಯ ಕಾರ್ಯದರ್ಶಿ ಕೊಡೆಸಮೇತ ಮುಖ್ಯ ಅತಿಥಿ. ಅಪ್ಪ, ಅವ್ವ ಮುಂದಿನ ಸಾಲಿನಲ್ಲಿ. ತಂಗಿ ಮೂರು ಪುಟದ ನನ್ನ ಭಾಷಣವನ್ನು ಕೈಯಲ್ಲಿ ಹಿಡಿದಿದ್ದಳು. ಮರುದಿನವೂ ಅವಳನ್ನು ಆಡಿಸುವ ಅಂದಾಜಿರಲಿಲ್ಲ. ಕೊನೆಯಲ್ಲಿ ಸ್ವಲ್ಪ ಹೊತ್ತು, ಗೆಲ್ಲುವ ಹಾಗಿದ್ದರೆ, ಇಳಿಸೋಣವೆಂದು ಅಧ್ಯಕ್ಷರು ಹೇಳಿಯಾಗಿತ್ತು. ಮೈಕಿನ ಮುಂದೆ ನಿಂತ ಅವಳು ಹಾಳೆಗಳನ್ನು ಮಡಿಸಿ ಪೇಟದೊಳಕ್ಕೆ ಸಿಕ್ಕಿಸಿದಳು. ಪೇಟ ಮೊದಲ ಬಾರಿಗೆ ತಲೆಯ ಮೇಲೆ ಸರಿಯಾಗಿ ನಿಂತಿತು.

"ನಮ್ಮ ದೊಡ್ಡಪ್ಪಂಗೂ ನಮ್ಮಪ್ಪಂಗೂ ಪಾಲಾದಾಗ," ಎಂದು ಶುರು ಮಾಡಿದಳು, "ನಮ್ಮಪ್ಪ ಮೊದ್ಲು ಒಂದು ಎತ್ತು ಆರಿಸ್ಕಂಡ್ರು. ಬಾರಿ ಚೆಂದಾಗಿತ್ತು. ನೊಗ ಕಟ್ಟುದ್ರೆ ಎಗ್ಲು ಸವೀತದ ಅಂತ ಕೊಟ್ಗೇಲೇ ಕಟ್ಟಾಕಿದ್ರು. ಬಂದೋರ್ಗೆಲ್ಲ ತೋರ್ಸೋರು. ಅದು ಮೇದು ಮೇದು ಊದ್ಕಂಡ್ಬುಡ್ತು. ಆಮೇಲೆ ಉಳಕ್ಕೋದ್ರೆ ಸಾಲಲ್ಲೇ ಮಲೀಕಂತು. ದೊಡ್ಡಪ್ಪ ಬಂದು, ನಿಂಗೆ ಉಳಕ್ಕಾಗ್ದಿದ್ರೆ ಇಂದಕ್ಕೆ ಕೊಡ್ಲಾ, ನಾನಾದ್ರೂ ಉಳ್ತೀನಿ ಅಂದ್ರು. ನಮ್ಮಪ್ಪ ಅವತ್ತೇ ನೇಗ್ಲು ಕಟ್ಟುದ್ರು. ಇಷ್ಟೇ ನನ್ನ ಎರಡು ಮಾತು."

ಅಪ್ಪ ಟವೆಲನ್ನು ಮುಖದ ಮೇಲೆ ಎಳೆದುಕೊಂಡರು. ಸಭೆಯಲ್ಲಿ ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕಾರ್ಯದರ್ಶಿ ಮೈಕು ತೆಗೆದುಕೊಂಡರು. "ಮಗು ಸರಿಯಾಗಿ ಹೇಳ್ತು. ತಮ್ಮನಿಗೆ ಉಳೋಕೆ ಮನಸ್ಸಿಲ್ದಿದ್ರೆ ಅಣ್ಣ ವಾಪಸ್ ತಗೋಳ್ಳೋಕೆ ತಯಾರಿದ್ದಾನೆ. ಬೇಕಾದ್ರೆ ಬದಲಿಗೆ ನಮ್ಮ ಪಾಲಿಗೆ ಬಂದ ಸುಣ್ಣದ ಗಾಡೀನ ನೀವು ಇಟ್ಕೊಳ್ಳಿ."

ಅಧ್ಯಕ್ಷರ ಮೀಸೆ ಅದುರಿತು. "ಉಳೋಕೆ ಮನಸ್ಸಿಲ್ಲ ಅಂತ ಯಾವನು ಅಂದೋನು? ನಾಳೆ ಮೊದಲ್ನಿಂದ ಕೊನೇಗಂಟ ಅವಳೇ ಆಡ್ತಾಳೆ. ಕುರ್ಚಿ ತೆಗಿಸ್ಬುಡ್ರೊ."

ಮರುದಿನ ಅವಳು ಆಡಿದಳು. ಸತ್ಯಕ್ಕೆ ಬದ್ಧಳಾದವಳು ನಾನು. ಹೇಗೆ ಆಡಿದಳೆಂಬುದನ್ನೂ ಹೇಳಬೇಕು. ಸನ್ಮಾನದ ಹಣ್ಣಿನ ಬುಟ್ಟಿಗಳನ್ನು ತಿಂಗಳುಗಟ್ಟಲೆ ಖಾಲಿ ಮಾಡಿದವಳಿಗೆ ಅರ್ಧ ಮೈದಾನ ಓಡುವಷ್ಟರಲ್ಲಿ ಏದುಸಿರು. ಅದನ್ನಾದರೂ ಸಹಿಸಬಹುದಿತ್ತು. ಚೆಂಡು ಸಿಕ್ಕೊಡನೆ ಅವಳು ಅದ್ಭುತವಾಗಿ ಇಬ್ಬರನ್ನು ತಪ್ಪಿಸುತ್ತಿದ್ದಳು, ನುಗ್ಗುತ್ತಿದ್ದಳು, ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು, ಅಷ್ಟರಲ್ಲಿ ಬಯಲ ನಡುವೆ, ಯಾವ ಗೆರೆಯೂ ಇಲ್ಲದ ಕಡೆ, ತಟ್ಟನೆ ನಿಂತು ಹಿಂದಕ್ಕೆ ತಿರುಗಿಬಿಡುತ್ತಿದ್ದಳು. ಮತ್ತೆ ಇಬ್ಬರನ್ನು ತಪ್ಪಿಸುವುದು, ಮತ್ತೆ ತಿರುಗುವುದು. ಕಾರಣ ಹೊಳೆದದ್ದು ಅವ್ವನಿಗೆ ಮತ್ತು ನನಗೆ ಒಟ್ಟಿಗೆ. ಅವಳು ತಿರುಗುತ್ತಿದ್ದ ಜಾಗ ಸರಿಯಾಗಿ ನಮ್ಮ ಕಣದಷ್ಟೇ ಅಗಲವಿತ್ತು. ಅದರಾಚೆ ಅವಳ ಕಾಲಿಗೆ ಅವ್ವನ ಅರಿಶಿನವಿತ್ತು.

"ಅಯ್ಯೊ, ದಾಟು ಕೂಸೆ, ಇಲ್ಲಿ ಅರಿಶ್ನ ಇಲ್ಲ," ಎಂದು ಅವ್ವ ಕೂಗಿದರು. ಆ ಸದ್ದಿನಲ್ಲಿ ಕೇಳಿಸಬೇಕಲ್ಲ.

ಹಿಂದಿನ ಸಾಲಿನ ಹುಡುಗರಿಗೆ ಅರಿಶಿನದ ವಿಚಾರ ತಿಳಿಯದು. "ಏನ್ಲಾ ಇದು, ಮೊದಲ್ನೆ ಪಾಲು ಅಲ್ಲಲ್ಲೇ ಸುತ್ತದ."

"ಎತ್ತು ಅಂತ ಅವಳೇ ಏಳ್ಲಿಲ್ವಾ? ಉಳೋ ಎತ್ತಲ್ಲ ಕಣ್ಲಾ, ಗಾಣದೆತ್ತು."

ಒಂದು ಗೋಲಿನಿಂದ ಸೋತೆವು. ಒಂದೇ ಆದದ್ದು ಕೊಸರಿನಿಂದ. ಅವಳು ಕಾಲು ಚಾಚಿದಲ್ಲೆಲ್ಲ ಚೆಂಡು ಬಂದು ಬೀಳುತ್ತಿತ್ತು. ಶಿಬಿರದ ಆಯ್ಕೆಗಾರರು ಅವಳ ಊರು, ವಯಸ್ಸು ಕೇಳಿಕೊಂಡು ಹೋದರು. ತಂಗಿಯ ಬಗ್ಗೆ ಏನೂ ಕೇಳಲಿಲ್ಲ. ಅಧ್ಯಕ್ಷರು ಜೀಪಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತ ಕಾರ್ಯದರ್ಶಿ, ಅಣ್ಣನ ಅಕ್ಕರೆಯಿಂದ, "ವಾಪಸ್ ಬೇಕಾಗಿಲ್ಲ ಬಿಡಿ, ಹುಡುಗಿ, ಗಾಡಿ ಎರಡೂ ನಿಮ್ಮಲ್ಲೇ ಇರಲಿ," ಎಂದರು.

ಮರುದಿನದಿಂದ ಸನ್ಮಾನಗಳು ನಿಂತವು. ಒಪ್ಪಿಕೊಂಡಿದ್ದ ಮೂರು ಕಡೆಯವರು ಮಳೆ ಬರಬಹುದೆಂದು ಹೇಳಿ ಕಳಿಸಿದರು. ಅದು ಮಾಘ ಮಾಸ. ಸೋತ ಹೆಣ್ಣಿನ ಬಗ್ಗೆ ಸಮಾಜಕ್ಕಿರುವ ಮರೆವಿನ ಕುರಿತು ನಾನೊಂದು ಲೇಖನ ಬರೆಯಲು ಕೂತಿದ್ದೆ. ತಂಗಿ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಮಿಲ್ಟ್ರಿ ಮೇಷ್ಟ್ರು ಸೈಕಲ್ ತುಳಿದು ಮನೆಗೆ ಬಂದರು.

"ಏಳು," ಎಂದರು. "ಇಷ್ಟು ದಿನ ನೀನು ಊರ ಪಾಲಾಗಿದ್ದೆ. ಈಗ ಯಾರ್ಗೂ ಬ್ಯಾಡ. ಒಳ್ಳೇದಾಯ್ತು. ನನ್ನ ಪಾಲಿಗೆ ಬಂದೆ."

"ನಂಗೆ ದಾಟಕ್ಕಾಗಲ್ಲ ಸಾ. ಕಾಲು ತಾನೇ ನಿಂತೋಯ್ತದ."

"ದಾಟ್ಬ್ಯಾಡ. ನಿನ್ನ ಇಂದಕ್ಕೆ ನಿಲ್ಲಿಸ್ತೀನಿ, ಗೋಲಿನ ಮುಂದೆ, ಫುಲ್‌ಬ್ಯಾಕು. ಅಲ್ಲೊಂದು ಕಣ ಮಾಡ್ಕ. ನೀನು ಎಂಗೆ ಗೆರೆ ದಾಟಲ್ವೋ, ಬಂದೋರೂ ಅಂಗೇ ದಾಟ್ಬಾರ್ದು."

ಗೋಲು ಹೊಡೆಯುವವಳಿಗೆ ಗೋಲು ಕಾಯುವವರ ಸಾಲಿಗೆ ಹೋಗೆನ್ನುವುದು ಜಗುಲಿಯಿಂದ ಇಳಿ ಎಂದಂತೆ. ಅವಳು ಅತ್ತಳು. ಕೊಸರು ಪಕ್ಕದಲ್ಲಿ ಕೂತು, "ಬಾ ಕಣಮ್ಮಿ, ಅಲ್ಲಿ ನಂಗೊಬ್ಳಿಗೇ ಬೇಜಾರು," ಎಂದಳು. ಅದಕ್ಕೆ ಅವಳು ಎದ್ದಳು.

ಹೀಗೆ ಅವಳ ನಿಜವಾದ ಕಲಿಕೆ ಶುರುವಾಯಿತು. ಬೆಳಿಗ್ಗೆ ಇಬ್ಬರೂ ಭೀಮನಬೀಡಿನಿಂದ ಗುಂಡ್ಲುಪೇಟೆಯ ಕಡೆಗೆ ಓಡಬೇಕೆಂಬುದು ಮೇಷ್ಟ್ರ ಅಪ್ಪಣೆ. ರಸ್ತೆಯಲ್ಲಿ ಹೆಣ್ಣೊಬ್ಬಳು ಓಡುತ್ತಿದ್ದರೆ ಅದಕ್ಕೊಂದು ಕಾರಣ ಇರಲೇಬೇಕೆಂಬುದು ಈ ಸಮಾಜದ ನಂಬಿಕೆ. ಬಸ್ಸಿನ ಡ್ರೈವರು ಬ್ರೇಕು ಹಾಕಿ, "ಹತ್ತವ್ವ, ನಾನು ನಿಲ್ಲುಸ್ತಾ ಇರ್ಲಿಲ್ವಾ," ಎನ್ನುತ್ತಿದ್ದ. ಎತ್ತಿನ ಗಾಡಿಯವರು ಮನೆಯಲ್ಲಿ ಯಾರಿಗೆ ಏನಾಯಿತೆಂದು ಕೇಳುತ್ತಿದ್ದರು. ತರಕಾರಿಗೆ ಬರುವ ಕೇರಳದ ಲಾರಿಯವರು ಕಿಟಕಿಯಿಂದ ತಲೆ ಹಾಕಿ, "ಬಸ್ಸು ಪೋಯೋ?" ಎಂದು ಮರುಗುತ್ತಿದ್ದರು. ಓಡುವುದಕ್ಕಾಗಿ ಓಡುತ್ತಿದ್ದೇವೆಂದು ವಿವರಿಸಲು ನಿಂತರೆ ಓಟ ಕೆಡುತ್ತಿತ್ತು. ಕೊನೆಗೆ ಕೊಸರು ಎಲ್ಲರಿಗೂ ಒಂದೇ ಉತ್ತರ ಕೊಡತೊಡಗಿದಳು: "ಎಮ್ಮೆ ತಪ್ಪಿಸ್ಕಂಡದ." ಅದು ಎಲ್ಲರಿಗೂ ಅರ್ಥವಾಯಿತು. ಕೆಲವರು ಎಮ್ಮೆ ಯಾವ ಕಡೆ ಹೋಯಿತೆಂದು ಕೈ ಮಾಡಿಯೂ ತೋರಿಸಿದರು.

ಮೇಷ್ಟ್ರು ದಿನಕ್ಕೆರಡು ಮೊಟ್ಟೆ ತಿನ್ನಬೇಕೆಂದೂ ಹೇಳಿದ್ದರು. ಲಿಂಗ ಕಟ್ಟಿದ ಮನೆಯಲ್ಲಿ ಆ ಶಬ್ದವನ್ನೇ ಎತ್ತಕೂಡದೆಂದು ಅವ್ವ ಹುರುಳಿ, ಕಡಲೆಕಾಯಿ, ಅವರೆಕಾಳುಗಳಿಂದ ಪ್ರತಿದಾಳಿ ನಡೆಸಿದರು. ತಂಗಿ ಸಂಜೆ ಕೊಸರಿನ ಮನೆಗೆ ಓದಿಕೊಳ್ಳಲು ಹೋಗತೊಡಗಿದಳು. ಪುಸ್ತಕ ಒಯ್ಯದೆ ಓದಲು ಹೋಗುವವಳನ್ನು ಅವ್ವ ಕೆಲವು ದಿನ ನೋಡಿದರು. ಆಮೇಲೆ ಒಂದು ಸಂಜೆ, ನನಗೆ ಹೇಳುವಂತೆ ಗಟ್ಟಿಯಾಗಿ, "ಓದಿ ಬಂದ ಮ್ಯಾಲೆ ಒಂದು ಏಲಕ್ಕಿ ಅಗೀಬೇಕು ಅಂತ ಏಳವ್ವ ಅವಳ್ಗೆ. ಓದಿದ್ದು ವಾಸ್ನೆ ಒಡೀತದ," ಎಂದರು.

ಬೇಸಗೆಗೆ ಮುನ್ನ ಹಳೆಯ ಜಿಲ್ಲೆಯ ಜೊತೆ ಮತ್ತೊಂದು ಪಂದ್ಯ ನಡೆಯಿತು. ಆಯ್ಕೆಗಾರರು ಬಂದದ್ದು ಕೊಸರನ್ನು ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಲು. ತಂಗಿಗೆ ಅದೇ ಕೊನೆಯ ಅವಕಾಶವೆಂದು ನಮಗೆಲ್ಲ ಗೊತ್ತಿತ್ತು; ಅವಳು ಅಂದು ಅನ್ನವನ್ನೇ ಮುಟ್ಟಿರಲಿಲ್ಲ. ಗೋಲಿನ ಮುಂದೆ ತನ್ನ ಕಾಣದ ಕಣವನ್ನು ಮನಸ್ಸಿನಲ್ಲಿಯೇ ಸಾರಿಸಿಕೊಂಡು ನಿಂತಳು. ಎದುರಾಳಿಗಳು ಚೆಂಡು ತಂದರು, ಅವಳು ಕಿತ್ತುಕೊಂಡಳು. ಬಲಗಡೆಯಿಂದ ತಂದರು, ಎಡಗಡೆಯಿಂದ ತಂದರು, ಇಬ್ಬರು ಸೇರಿ ತಂದರು. ಬಂದವರೆಲ್ಲ ಆ ಅಂಚಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದರು. ಅರಿಶಿನಕ್ಕೆ ಕಾಲು ತಗುಲಿಸಲು ಹೊರಟವರನ್ನು ತಡೆಯುವ ಅವ್ವನ ಮುಖವನ್ನೇ ನಾನು ಅವಳಲ್ಲಿ ಕಂಡೆ.

ಅರ್ಧ ಪಂದ್ಯವಾದಾಗ ಆಯ್ಕೆಗಾರರಲ್ಲೊಬ್ಬರು ಮೇಷ್ಟ್ರ ಬಳಿಗೆ ಬಂದರು. "ನಾವು ನೋಡಬೇಕಾದದ್ದು ನಿಮ್ಮ ಗೋಲ್‌ಕೀಪರನ್ನ. ಅವಳ ಹತ್ತಿರಕ್ಕೆ ಚೆಂಡೇ ಹೋಗ್ತಾ ಇಲ್ಲ. ಸ್ವಲ್ಪ ಹೊತ್ತು ಆ ಫುಲ್‌ಬ್ಯಾಕನ್ನ ಹೊರಗೆ ಕರೀತೀರಾ?"

"ಕರೀತೀನಿ ಸಾರ್," ಎಂದರು ಮೇಷ್ಟ್ರು. "ನೀವು ಅವಳ ಹೆಸ್ರು ಬರ್ಕೊಂಡ ಮೇಲೆ."

ಅವರು ನಕ್ಕರು, ತಂಗಿಯ ಹೆಸರು ಕೇಳಿ ಬರೆದುಕೊಂಡರು. ಮೇಷ್ಟ್ರು ಮಾತು ಉಳಿಸಿಕೊಂಡು ಅವಳನ್ನು ಹೊರಗೆ ಕರೆದರು. ಅವಳು ಮೈದಾನದ ಅಂಚಿನಲ್ಲಿ ನಿಂತು, ಮುಂದಿನ ಕಾಲು ಗಂಟೆಯಲ್ಲಿ ಕೊಸರು ನಾಲ್ಕು ದಿಕ್ಕಿಗೂ ಹಾರಿದ್ದನ್ನು ನೋಡಿ ನಮಗಿಂತ ಜೋರಾಗಿ ಕೂಗಿದಳು. ಕೂರಲು ಯಾರೋ ಕುರ್ಚಿ ತಂದರು. ಅವಳು ಅದನ್ನು ನೋಡಿದ ರೀತಿಗೆ ಹಾಗೆಯೇ ಎತ್ತಿಕೊಂಡು ಹೋದರು.

ಶಿಬಿರಕ್ಕೆ ಆಯ್ಕೆಯಾದವರ ಸುದ್ದಿ ಮೇಷ್ಟ್ರ ಸೈಕಲ್ಲಿನ ಮೇಲೆ ಬಂತು. ಮೊದಲ ಹೆಸರು ಕೊಸರಿನದು, ಕಟ್ಟಕಡೆಯದು ನನ್ನ ತಂಗಿಯದು. ಕೊನೆಯವಳೆಂದು ಕೇಳಿ ಅವಳು ಕುಣಿದಷ್ಟು, ಮೊದಲನೆಯವಳೆಂದು ಕೈ ಎತ್ತಿ ಹಿಡಿದ ದಿನವೂ ಕುಣಿದಿರಲಿಲ್ಲ.

ಸಂಜೆ ಇಬ್ಬರೂ ಕಣದಲ್ಲಿ ಆಡುತ್ತಿದ್ದರು. ಅರಿಶಿನ ಮಾರಿಯಾಗಿತ್ತು, ನೆಲವೆಲ್ಲ ಖಾಲಿ. ಆದರೂ ತಂಗಿ ಹಳೆಯ ಅಂಚಿಗೆ ಬಂದು ನಿಲ್ಲುತ್ತಿದ್ದಳು. ಜೀಪಿನ ಸದ್ದಾಯಿತು. ಅಧ್ಯಕ್ಷರು ಇಳಿದರು. ಕೈಯಲ್ಲಿ ಎರಡು ಹೊಸ ಶಾಲು. ಅದರಲ್ಲಿ ದೊಡ್ಡದನ್ನು ಬಿಡಿಸಿಕೊಂಡು ಅವರು ನಮ್ಮ ತಂಗಿಯನ್ನು ದಾಟಿ ನೇರವಾಗಿ ಕೊಸರಿನ ಬಳಿ ನಡೆದರು. ಅವಳನ್ನು ಹೆಸರು ಹಿಡಿದು ಕರೆದರು. ಆ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅದನ್ನು ಗುರುತಿಸಿ ಹೇಳಲು ನಾನು ಬಾಯಿ ತೆರೆದೆ. ಅವ್ವ ನನ್ನ ಕೈಗೆ ಕಾಫಿಯ ಲೋಟ ಕೊಟ್ಟರು.

"ತಿರುಗು ಕೂಸೆ, ಒದುಸ್ತೀನಿ," ಎಂದರು ಅಧ್ಯಕ್ಷರು. "ಜಿಲ್ಲೆ ಮಾನ ಉಳ್ಸಿದೆ."

ಕೊಸರು ಕಾಲಿನ ಪ್ಯಾಡು ಬಿಚ್ಚದೆ, ಎತ್ತರದಿಂದ ಅವರನ್ನು ನೋಡಿದಳು.

"ಗೋಲಿಗೆ ಕಟ್ಬುಡಿ ಸಾ," ಎಂದಳು. "ಎಡಗಡೆ ತೂತಾಗದ."

ಅಧ್ಯಕ್ಷರು ಶಾಲನ್ನು ನೋಡಿದರು, ಗೋಲನ್ನು ನೋಡಿದರು. ಅಲ್ಲಿ ತಾವು ಹೊದಿಸಿದ ಶಾಲುಗಳ ಗುರುತು ಅವರಿಗೆ ಹತ್ತಿತೆಂದು ಕಾಣುತ್ತದೆ. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಬಿದಿರು ಗಳದ ಬಳಿ ಕುಕ್ಕರಗಾಲಲ್ಲಿ ಕೂತರು. ಧರಣಿಯ ಶಾಲಿನ ತೂತಿನ ಮೇಲೆ ಹೊಸದನ್ನು ಹರಡಿ ಒಂದು ತುದಿ ಗಂಟು ಹಾಕಿದರು.

"ಬಿಗ್ಯಾಗಿ ಕಟ್ಟಿ," ಎಂದಳು ತಂಗಿ, ಸ್ಟಿಕ್ಕು ಹಿಡಿದು ದೂರದಿಂದ. "ಕಟ್ಟಾದ್ಮೇಲೆ ಕೈ ತೆಗೀರಿ. ಒಡೀತೀನಿ."